ಬಾಗಿಲು ಕೇಳಿದ ವರ್ಷ

ಮೊನ್ನೆ ವರ್ಷಕ್ಕಾಗುವಷ್ಟು ಹುಣಸೆಹಣ್ಣು ತರಲು ಹಿಂದೂಪುರದ ಮಾರ್ಕೆಟ್ಟಿಗೆ ಹೋಗಿದ್ದೆ. ಶಿವರಾತ್ರಿ ಹತ್ತಿರ ಬಂತೆಂದರೆ ಆ ಬೀದಿಯ ಗಾಳಿಯೇ ಹುಳಿಯಾಗುತ್ತದೆ. ಸುಮ್ಮನೆ ನಡೆದು ಹೋಗುವವರ ಬಾಯಲ್ಲೂ ನೀರೂರುತ್ತದೆ. ಬೀಜ ಬಿಡಿಸುವ ಹೆಂಗಸರು ಸಾಲಾಗಿ ಕೂತು ಕುಟ್ಟುತ್ತಿರುತ್ತಾರೆ. ಕನ್ನಡದಲ್ಲಿ ಶುರುವಾದ ಜಗಳ ತೆಲುಗಿನಲ್ಲಿ ಮುಗಿಯುತ್ತಿರುತ್ತದೆ. ನಾನು ಯಾವಾಗಲೂ ಹೋಗುವುದು ರುದ್ರಣ್ಣನ ಮಂಡಿಗೆ. ಹಣೆ ತುಂಬ ವಿಭೂತಿ ಇಟ್ಟುಕೊಂಡು ಕರಿಪುಲಿ ಜಾತಿಯ ಹುಣಸೆಹಣ್ಣಿನ ಚೀಲಗಳ ನಡುವೆ ಕೂತಿದ್ದ. ಒಂದು ಚೀಲಕ್ಕೆ ಫೋನು ಒರಗಿಸಿಟ್ಟಿದ್ದ. ಫೋನಿನಲ್ಲಿ ಒಬ್ಬ ಕತ್ತಿವೀರ ತನ್ನಷ್ಟಕ್ಕೆ ತಾನೇ ಓಡಾಡಿ ರಾಕ್ಷಸರನ್ನು ಕಡಿಯುತ್ತಿದ್ದ.

"ಏನಣ್ಣ ಇದು?" ಅಂದೆ.

"ಹೊಸ ಆಟ ಕಣಪ್ಪ. ಕೈ ಇಡೋದೇ ಬ್ಯಾಡ. ಅದೇ ಆಡ್ಕೊಂತದೆ, ನಾನು ಯಾಪಾರ ನೋಡ್ಕೊಂತೀನಿ."

"ಹಂಗಾದ್ರೆ ಅದಕ್ಕೆ ನೀನ್ಯಾಕೆ ಬೇಕು?"

"ಅದೇ ನಂಗೂ ಗೊತ್ತಾಗ್ತಿಲ್ಲ ಕಣ್ಲಾ" ಅಂದ. ಇಬ್ಬರೂ ನಕ್ಕೆವು. ಆಮೇಲೆ ಅವನು ಫೋನನ್ನು ಮಗುಚಿಟ್ಟು, "ಆ ವರ್ಷ ಎಷ್ಟು ಚೆಂದಾಗಿತ್ತಲ್ಲ ಪ್ರಸಾದ" ಅಂದ. ಯಾವ ವರ್ಷ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಆ ವರ್ಷ ನನ್ನನ್ನು ಕಲ್ಯಾಣದುರ್ಗಕ್ಕೆ ಹಾಕಿದ್ದರು. ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ಒಂದೇ ವರ್ಷದ ಮಟ್ಟಿಗೆ. ಹೆಂಡತಿಗೆ ಹಿಂದೂಪುರದಲ್ಲೇ ಸ್ಕೂಲಿನ ಕೆಲಸವಿತ್ತು, ಹಾಗಾಗಿ ಒಬ್ಬನೇ ಹೊರಟೆ. ರುದ್ರಣ್ಣ ಬಸ್‌ಸ್ಟ್ಯಾಂಡಿಗೆ ಬಂದು ಹೊಸ ಹುಣಸೆಹಣ್ಣಿನ ಗಂಟೊಂದನ್ನು ಕೈಗಿಟ್ಟು, "ಪರ ಊರಿನ ಸಾರು ಸಪ್ಪೆ ಇರ್ತದೆ, ಇಟ್ಕೋ" ಅಂದಿದ್ದ. ಆ ಗಂಟು ವರ್ಷವೆಲ್ಲ ನನ್ನ ಕೋಣೆಯ ಮೂಲೆಯಲ್ಲಿತ್ತು. ಬಾಗಿಲು ತೆಗೆದರೆ ಮೊದಲು ಎದುರಾಗುತ್ತಿದ್ದದ್ದು ಆ ವಾಸನೆ. ಕಲ್ಯಾಣದುರ್ಗದಲ್ಲಿ ಹುಣಸೆ ಮಾರ್ಕೆಟ್ಟಿಲ್ಲ, ಆದರೂ ನನ್ನ ಮೂಗಿಗೆ ಆ ಊರು ಇವತ್ತಿಗೂ ಹುಣಸೆಹಣ್ಣಿನ ಊರೇ.

ಅಲ್ಲಿನ ಬೇಸಿಗೆಗೆ ಸದ್ದಿಲ್ಲ. ಹನ್ನೆರಡು ಹೊಡೆಯಿತೆಂದರೆ ಊರು ಕದ ಹಾಕಿಕೊಳ್ಳುತ್ತದೆ. ನನ್ನ ಕೋಣೆಗೆ ಚಪ್ಪಡಿ ಕಲ್ಲಿನ ಮಾಡು. ಕಿಟಕಿಯಾಚೆ ಬಂಡೆಗುಡ್ಡ, ಗುಡ್ಡದ ಬೆನ್ನಿನ ಮೇಲೆ ಸಾಲಾಗಿ ಗಾಳಿಯಂತ್ರಗಳು. ಬಿಸಿಲಿನ ಝಳಕ್ಕೆ ಅವುಗಳ ಕಂಬ ಕಾಣದಾಗಿ ರೆಕ್ಕೆಗಳಷ್ಟೇ ಆಕಾಶದಲ್ಲಿ ತೇಲುತ್ತಿದ್ದವು. ನೋಡುತ್ತಾ ಕೂತರೆ ಎಚ್ಚರವಾಗಿದ್ದೇನೋ ಮಂಪರಿನಲ್ಲಿದ್ದೇನೋ ತಿಳಿಯುತ್ತಿರಲಿಲ್ಲ. ಆ ಅರೆನಿದ್ದೆ ನನಗೆ ಬಹಳ ಹಿಡಿಸಿತ್ತು.

ಬಿತ್ತನೆಗೆ ಮುಂಚಿನ ಆ ತಿಂಗಳುಗಳಲ್ಲೇ ಲ್ಯಾಬಿಗೆ ಕೆಲಸ ಜಾಸ್ತಿ. ಕುಂದುರ್ಪಿ ಕಡೆಯಿಂದ ಕಡಲೆಕಾಯಿ ಬೆಳೆಯುವವರು ಬೆಳಗಿನ ಬಸ್ಸಿಗೆ ಬಂದು, ಹೊಲದ ಮಣ್ಣನ್ನು ಬಟ್ಟೆಚೀಲದಲ್ಲಿ ಕಟ್ಟಿ ತಂದು ಕೊಡುತ್ತಿದ್ದರು. ಕೆಲವರ ಮಣ್ಣಿಗೆ ಕುರಿಯ ವಾಸನೆ ಬೆರೆತಿರುತ್ತಿತ್ತು. ಹಸಿ ಮಣ್ಣು ನೆರಳಿನಲ್ಲಿ ತಾನಾಗಿ ಒಣಗಬೇಕು, ಆಮೇಲೆ ಪರೀಕ್ಷೆ. ಇವರೋ, ಬೇಗ ಆಗಲಿ ಎಂದು ಬಿಸಿಲಿಗೆ ಹರವಿಬಿಟ್ಟಿರುತ್ತಿದ್ದರು. "ಎಂಡಲೋ ವೇಸ್ತೇ ತ್ವರಗಾ ಆರುತುಂದಿ ಕದಾ ಸಾರ್" ಅನ್ನುತ್ತಿದ್ದರು, ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ಎಂದು ನನಗೇ ಪಾಠ. ಅವಸರ ಮಾಡಿದರೆ ಮಣ್ಣು ಸುಳ್ಳು ಹೇಳುತ್ತದಪ್ಪ, ನೆರಳಿಗೆ ಹಾಕಿ, ಎಂದು ನಾನು ದಿನಕ್ಕೆ ಹತ್ತು ಸಲ ಹೇಳಬೇಕಾಗುತ್ತಿತ್ತು.

ಒಂದು ಗಂಟೆಗೆ ಊಟದ ಬಿಡುವು. ಕೋಣೆಗೆ ಬಂದು ಅನ್ನ, ಹುಣಸೆ ಗೊಜ್ಜು ಕಲಸಿಕೊಂಡು ತಿಂದು, ಒಂದೂಕಾಲಕ್ಕೆ ಲ್ಯಾಪ್‌ಟಾಪ್ ತೆಗೆಯುತ್ತಿದ್ದೆ. ನಿಜ ಹೇಳಬೇಕೆಂದರೆ ನನ್ನ ದಿನ ಶುರುವಾಗುತ್ತಿದ್ದದ್ದೇ ಆವಾಗ.

ಅದೊಂದು ಹಳೆಯ ಆನ್‌ಲೈನ್ ಆಟ. ಕಾಡು, ಕಡಲು, ಬೆಟ್ಟ, ಪೇಟೆ ಎಲ್ಲ ಇರುವ ಒಂದು ದೊಡ್ಡ ದೇಶ; ಎಲ್ಲೆಲ್ಲಿಯದೋ ಜನ ತಮ್ಮ ತಮ್ಮ ಮನೆಯಲ್ಲಿ ಕೂತು, ಒಂದೊಂದು ವೇಷ ತೊಟ್ಟು ಆ ದೇಶದೊಳಗೆ ಒಟ್ಟಿಗೆ ಓಡಾಡುವುದು. ಒಬ್ಬ ಗುರಾಣಿ ಹಿಡಿದರೆ ಒಬ್ಬ ಬಿಲ್ಲು ಹಿಡಿಯುತ್ತಾನೆ, ಇನ್ನೊಬ್ಬರು ಗಾಯಕ್ಕೆ ಮದ್ದು ಹಾಕುತ್ತಾರೆ. ಅದನ್ನು ಮಾಡಿದ ಕಂಪನಿ ಎಂದೋ ಕೈಬಿಟ್ಟಿತ್ತು. ಬಿಡಲಾರದ ಹಳೆಯ ಆಟಗಾರನೊಬ್ಬ ಯಾವುದೋ ದೂರದೇಶದಲ್ಲಿ ಕೂತು, ತನ್ನ ಸ್ವಂತ ಕಂಪ್ಯೂಟರಿನಲ್ಲಿ ಅದನ್ನು ನಡೆಸುತ್ತಿದ್ದ. ಅವನ ಹೆಸರು ನಮಗೆ ಗೊತ್ತಿರಲಿಲ್ಲ. ನಾವು ಯಜಮಾನ ಅನ್ನುತ್ತಿದ್ದೆವು. ಆಡುವವರೆಲ್ಲ ನಮ್ಮಂತೆ ಹಳಬರೇ, ತಲೆ ನರೆತವರು, ಮಕ್ಕಳ ಮದುವೆ ಮಾಡಿದವರು.

ನಮ್ಮದು ಹಿಂದೂಪುರದ ಮೂವರ ಗುಂಪು, ಆಗಲೇ ಆರು ವರ್ಷದ್ದು. ಗುರಾಣಿಯವನು ರುದ್ರಣ್ಣ. ಬಿಲ್ಲಿನವನು ನಾನು. ಮದ್ದು ಹಾಕುವವಳು ಭಾಗ್ಯಕ್ಕ.

ಭಾಗ್ಯಕ್ಕ ಊರಂಚಿನ ಮುದ್ದಿರೆಡ್ಡಿಪಲ್ಲಿಯ ನೇಕಾರರ ಮನೆಯವಳು. ಆಗ ಅವಳಿಗೆ ಐವತ್ತು ದಾಟಿತ್ತು. ಮಗ್ಗದಲ್ಲಿ ಉದ್ದೆಳೆಗಳ ಒಂದು ಹಾಸು ಮುಗಿದರೆ, ಅದರ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೂಡಿಸಬೇಕು. ಸಾವಿರಾರು ಎಳೆ, ಕೂದಲಿಗಿಂತ ಸಣ್ಣ. ಬೂದಿ ಮುಟ್ಟಿದ ಬೆರಳಲ್ಲಿ ಎರಡು ಎಳೆ ಸೇರಿಸಿ ಹೊಸೆದು ಬಿಟ್ಟರೆ ಗಂಟೂ ಕಾಣುವುದಿಲ್ಲ, ಬಿಚ್ಚುವುದೂ ಇಲ್ಲ. ಆ ಕೆಲಸಕ್ಕೆ ಬೀದಿಯವರೆಲ್ಲ ಅವಳನ್ನೇ ಕರೆಯುತ್ತಿದ್ದರು. ಅವಳ ತಮ್ಮನದೊಂದು ಇಂಟರ್‌ನೆಟ್ ಸೆಂಟರಿತ್ತು. ತಮ್ಮ ಊಟಕ್ಕೆ ಹೋದಾಗ ಅಂಗಡಿ ಕಾಯಲು ಕೂತವಳು, ಸುಮ್ಮನೆ ಕೂರಲಾರದೆ, ಯಾರೋ ಅರ್ಧಕ್ಕೆ ಬಿಟ್ಟುಹೋಗಿದ್ದ ಆಟವನ್ನು ಮುಟ್ಟಿದಳು. ಅವತ್ತು ಮುಟ್ಟಿದ್ದು, ಬಿಡಲೇ ಇಲ್ಲ. ಸೆಂಟರು ಜೆರಾಕ್ಸ್ ಅಂಗಡಿಯಾಯಿತು, ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯಾಯಿತು. ಮೂಲೆಯ ಒಂದು ಹಳೆಯ ಕಂಪ್ಯೂಟರು ಮಾತ್ರ ಅಕ್ಕನದಾಗಿಯೇ ಉಳಿಯಿತು. ದಿನಾ ಮಧ್ಯಾಹ್ನ ಒಂದರಿಂದ ಎರಡೂವರೆ ಅವಳ ಸಮಯ. ನಮ್ಮ ಮೂವರ ಸಮಯವೂ ಹೀಗಾಗಿ ಅದೇ ಆಯಿತು.

ಆಟದಲ್ಲಿ ಬಂದರಿನ ಊರಿನಿಂದ ಬೆಟ್ಟದ ಕೋಟೆಗೆ ಒಂದು ದಾರಿ. ಕೋಟೆಯಲ್ಲಿ ದೊಡ್ಡ ಸರ್ಪವಿದೆ, ಅದನ್ನು ಕೊಲ್ಲುವುದು ಎಲ್ಲರ ಗುರಿ. ನಡೆದೇ ಹೋಗಬೇಕು, ಮುಕ್ಕಾಲು ಗಂಟೆ. ಮೊದಲು ಉಪ್ಪಿನ ಬಯಲು, ಆಮೇಲೆ ಮಂಜು ತುಂಬಿದ ಕಾಡು, ಒಂದು ಕಲ್ಲಿನ ಸೇತುವೆ, ಅದರಾಚೆ ಏರು. ಕಾಡಿನಲ್ಲಿ ಹತ್ತು ಮಾರು ಆಚೆ ಏನೂ ಕಾಣದು. ಕಾಲು ತಪ್ಪಿದರೆ ತೋಳಗಳು ಬಂದು ಹರಿದು ಹಾಕುತ್ತವೆ, ಮತ್ತೆ ಬಂದರಿನ ಬಾವಿಯ ಹತ್ತಿರದಿಂದಲೇ ಶುರು. ಆ ದಾರಿಯನ್ನು ಪೂರ್ತಿ ಬಲ್ಲವಳು ಭಾಗ್ಯಕ್ಕ ಒಬ್ಬಳೇ. ಅವಳ ಕಟ್ಟಳೆ ಏನೆಂದರೆ, ಬಾವಿಯ ಹತ್ತಿರ ಬರಬೇಕಾದವರೆಲ್ಲ ಬಂದು ಸೇರುವ ತನಕ ಯಾರೂ ಹೊರಡಬಾರದು. ಸೇರಿದ ಮೇಲೆ ಅವಳು ಮುಂದೆ, ನಾವು ಹಿಂದೆ. ದಿನ ಕಳೆದಂತೆ ಭಾಷೆ ತಿಳಿಯದ ಪರದೇಶದವರೂ ಬಾವಿಗೆ ಬಂದು ಕಾಯತೊಡಗಿದರು. ಕೆಲವು ದಿನ ಹದಿನೈದು ಜನ ಒಬ್ಬರ ಹಿಂದೊಬ್ಬರು, ಕುಂದುರ್ಪಿಯ ಕುರಿಗಳ ಹಾಗೆ, ಮಂಜಿನೊಳಗೆ ನಡೆಯುತ್ತಿದ್ದೆವು.

ಆ ನಡಿಗೆಯ ಹೊತ್ತಿನಲ್ಲಿ ಮೂವರೂ ಫೋನಿನಲ್ಲಿ ಒಟ್ಟಿಗೆ ಇರುತ್ತಿದ್ದೆವು. ರುದ್ರಣ್ಣನ ಕಡೆಯಿಂದ ಮಾರ್ಕೆಟ್ಟಿನ ಗಲಾಟೆ, ಅಕ್ಕನ ಕಡೆಯಿಂದ ಬೀದಿಯ ಮಗ್ಗಗಳ ಟಕಟಕ. ನನ್ನ ಕಡೆಯಿಂದ ಏನೂ ಇಲ್ಲ, ಬರೀ ಬಿಸಿಲು. ಯಾರ ಮನೆಯಲ್ಲಿ ಏನು ಅಡುಗೆ, ಪರಿಗಿಯಲ್ಲಿ ಯಾರು ಬೋರು ಕೊರೆಸಿದರು, ಲೇಪಾಕ್ಷಿ ಬಸ್ಸಿನಲ್ಲಿ ಯಾರು ಯಾರಿಗೆ ಬೈದರು, ಎಲ್ಲ ಮಾತು ಆ ಕಾಡಿನಲ್ಲೇ ಆಗುತ್ತಿತ್ತು. ಕಣ್ಣೆದುರು ಮಂಜು, ಮೈಮೇಲೆ ಬೆವರು, ಕಿವಿಯಲ್ಲಿ ನನ್ನೂರು. ನಾನು ಎಲ್ಲಿದ್ದೇನೆ ಎಂದು ಯಾರಾದರೂ ಕೇಳಿದ್ದರೆ ಥಟ್ಟನೆ ಹೇಳಲಾಗುತ್ತಿರಲಿಲ್ಲ.

ಆದರೆ ಕಲ್ಯಾಣದುರ್ಗಕ್ಕೆ ಬಂದ ಮೇಲೆ ಒಂದು ಬದಲಾವಣೆ ಗಮನಿಸಿದೆ. ಅಕ್ಕ ದಾರಿಯಲ್ಲಿ ಮರಕ್ಕೊಂದು ಸಲ ನಿಲ್ಲತೊಡಗಿದ್ದಳು. ನಾನು ಬೆನ್ನಿಗೇ ಇರುತ್ತಿದ್ದೆ, ಆದರೂ ಸುಮ್ಮನೆ ನಿಂತುಬಿಡುವಳು. ಅರ್ಧ ನಿಮಿಷ, ಒಂದು ನಿಮಿಷ. ಪಾಪ, ಅಕ್ಕನಿಗೆ ವಯಸ್ಸಾಯಿತು, ಕಣ್ಣು ಮಂಜಾಗಿರಬೇಕು ಅಂದುಕೊಂಡೆ. ಕೇಳಿದರೆ ನೊಂದುಕೊಂಡಾಳು ಎಂದು ಕೇಳಲಿಲ್ಲ. ಅಷ್ಟು ಸೂಕ್ಷ್ಮ ನನಗಿದೆ ಎಂದು ಒಳಗೊಳಗೇ ಹೆಮ್ಮೆಯೂ ಇತ್ತು.

ಹೀಗಿರುವಾಗ ಯಜಮಾನನದೊಂದು ಸೂಚನೆ ಬಂತು. "ಹಳಬರೇ, ಈ ಆಟ ನಿಮ್ಮದು. ನಿಮಗೇನು ಬೇಕೋ ಗುಂಪಿಗೊಬ್ಬರು ಬರೆದು ತಿಳಿಸಿ, ನನ್ನ ಕೈಲಾದದ್ದು ಮಾಡುತ್ತೇನೆ." ನಮ್ಮ ಗುಂಪಿನಲ್ಲಿ ಇಂಗ್ಲಿಷ್ ಬರೆಯುವವನು ನಾನು. ರುದ್ರಣ್ಣ, "ನೀನೇ ಬರ್ದಾಕು ಕಣಪ್ಪ, ನನ್ನ ಇಂಗ್ಲಿಷು ತಕ್ಕಡಿಯಿಂದ ಆಚೆ ಹೋಗಲ್ಲ" ಅಂದ. ಅಕ್ಕನನ್ನು ನಾನು ಕೇಳಲಿಲ್ಲ. ಅವಳ ಪರವಾಗಿಯೇ ಬರೆಯುತ್ತಿರುವಾಗ ಕೇಳುವುದೇನು?

ಒಂದೇ ಏಟಿಗೆ ಕೂತು ಬರೆದೆ. ಹಳಬರಿಗೆ ಸಮಯ ಕಡಿಮೆ, ಸಂಸಾರ ಇದೆ, ಕೆಲಸ ಇದೆ. ಊಟದ ಬಿಡುವಿನಲ್ಲಿ ಮುಕ್ಕಾಲು ಗಂಟೆ ನಡಿಗೆಗೇ ಹೋದರೆ ಸರ್ಪದ ಜೊತೆ ಕಾದಾಡುವುದು ಯಾವಾಗ? ಊರಿಂದೂರಿಗೆ ಬಾಗಿಲು ಮಾಡಿ. ಒಳಗೆ ಕಾಲಿಟ್ಟರೆ ಆಚೆ ಕೋಟೆಯಲ್ಲಿರಬೇಕು. ಕೊನೆಗೆ ಇದನ್ನೂ ಸೇರಿಸಿದೆ: "ನಮಗೆ ದಾರಿ ತೋರಿಸುವವರಿಗೆ ವಯಸ್ಸಾಗಿದೆ, ಮರಕ್ಕೊಂದು ಸಲ ನಿಲ್ಲುತ್ತಾರೆ. ಅವರ ಮುಖ ನೋಡಿಯಾದರೂ ಬಾಗಿಲು ಕೊಡಿ." ಬೆಳಗ್ಗೆಯೆಲ್ಲ ರೈತರಿಗೆ ಅವಸರ ಬೇಡ ಎಂದು ಬೋಧಿಸಿದ ಬಾಯಿ ಮಧ್ಯಾಹ್ನ ಕೇಳಿದ್ದು ಇದನ್ನು. ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ ಅನ್ನುತ್ತಾರಲ್ಲ, ಅದೇ.

ಯುಗಾದಿಯ ಹೊತ್ತಿಗೆ ಬಾಗಿಲುಗಳು ಬಂದವು. ಬಾವಿಯ ಪಕ್ಕದಲ್ಲೇ ಒಂದು ನೀಲಿ ಕಮಾನು, ನೀರಿನ ಹಾಗೆ ಮಿನುಗುತ್ತಿತ್ತು. ಕಾಲಿಟ್ಟರೆ ಕೋಟೆ. ಮೊದಲ ವಾರ ಹಬ್ಬವೋ ಹಬ್ಬ. ದಿನಕ್ಕೆ ನಾಲ್ಕು ಸಲ ಸರ್ಪ ಕೊಂದೆವು. ರುದ್ರಣ್ಣ, "ಭಲೇ ಬರ್ದಿದೀಯ ಕಣ್ಲಾ, ನಿನ್ನ ಕೈಗೆ ಬಂಗಾರದ ಕಡಗ ಹಾಕ್ಬೇಕು" ಅಂದ. ಬಾವಿಯ ಹತ್ತಿರ ಕಾಯುವ ಕೆಲಸ ಯಾರಿಗೂ ಇರಲಿಲ್ಲ. ಬಂದವರು ಬಂದಂತೆ ಕಮಾನಿನೊಳಗೆ ಹೋದರು, ಕೊಂದರು, ಹೊರಟರು. ಫೋನಿನಲ್ಲಿ ಮಾತಾಡಲು ಹೊತ್ತೇ ಇಲ್ಲ. ಪರಿಗಿಯ ಬೋರಿನಲ್ಲಿ ನೀರು ಬಂತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಭಾಗ್ಯಕ್ಕ ಮೂರು ದಿನ ಬಂದಳಂತೆ. ಬಾವಿಯ ಹತ್ತಿರ ನಿಂತಿದ್ದು ಹೋದಳಂತೆ. ಅಂತೆ ಯಾಕೆಂದರೆ ನಾನು ನೋಡಲಿಲ್ಲ, ನಾನು ಕೋಟೆಯಲ್ಲಿದ್ದೆ. ನಾಲ್ಕನೆಯ ದಿನದಿಂದ ಬರಲೇ ಇಲ್ಲ. ಹೇಳಲು ನಾಚಿಕೆಯಾಗುತ್ತದೆ, ಅವಳಿಲ್ಲ ಎಂಬುದು ನನಗೆ ತಿಳಿದದ್ದು ಇನ್ನೂ ಒಂದು ವಾರ ಕಳೆದ ಮೇಲೆ. ಫೋನು ಮಾಡಿದೆ. "ಮದುವೆ ಸೀಜನ್ನು ಕಣಪ್ಪ, ಸೀರೆ ಕೆಲ್ಸ ಜಾಸ್ತಿ" ಅಂದಳು. ಅವಳ ದನಿಯಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ್ದಕ್ಕೇ ನನಗೆ ದಿಗಿಲಾಯಿತು.

ಸರ್ಪ ಸತ್ತು ಸತ್ತು ಸಪ್ಪೆಯಾಯಿತು. ಮಧ್ಯಾಹ್ನ ಲ್ಯಾಪ್‌ಟಾಪ್ ತೆಗೆದು ಇಪ್ಪತ್ತು ನಿಮಿಷಕ್ಕೆ ಮುಚ್ಚುತ್ತಿದ್ದೆ. ಕೋಣೆಯಲ್ಲಿ ನಾನು ಒಬ್ಬನೇ ಇದ್ದೇನೆ ಎಂಬುದು ಆಗ ಮೊದಲ ಸಲ ಅನುಭವಕ್ಕೆ ಬಂತು. ಕಿಟಕಿಯಲ್ಲಿ ರೆಕ್ಕೆಗಳು ತೇಲುತ್ತಲೇ ಇದ್ದವು, ಆದರೆ ಮಂಪರು ಹತ್ತುತ್ತಿರಲಿಲ್ಲ. ಅಕ್ಕನ ಹಿಂದೆ ನಡೆಯುವುದು ನನಗೆ ಬೇಕಾಗಿತ್ತು. ಸರ್ಪ ಒಂದು ನೆಪವಾಗಿತ್ತು ಅಷ್ಟೆ.

ಒಂದು ಭಾನುವಾರ ಪಾವಗಡದಲ್ಲಿ ಬಸ್ಸು ಬದಲಿಸಿ ಹಿಂದೂಪುರಕ್ಕೆ ಬಂದವನು, ಮನೆಯಲ್ಲಿ ಚೀಲ ಇಟ್ಟು ನೇರ ಮುದ್ದಿರೆಡ್ಡಿಪಲ್ಲಿಗೆ ಹೋದೆ. ಅಕ್ಕ ಯಾರದೋ ಮನೆಯಲ್ಲಿ ಮಗ್ಗದ ಹಿಂದೆ ಕೂತು ಎಳೆ ಕೂಡಿಸುತ್ತಿದ್ದಳು. ತಲೆ ಎತ್ತದೆ, "ಬಾಪ್ಪ, ಕೂತ್ಕೋ. ಎಳೆ ಬಿಟ್ಟೇಳಂಗಿಲ್ಲ" ಅಂದಳು. ಕೂತೆ. ಅವಳ ಬೆರಳು ಎಷ್ಟು ಬೇಗ ಓಡುತ್ತಿತ್ತೆಂದರೆ, ಎರಡು ಎಳೆ ಯಾವಾಗ ಒಂದಾದವು ಎಂದು ನನ್ನ ಕಣ್ಣಿಗೆ ಸಿಗುತ್ತಿರಲಿಲ್ಲ. ಇವಳ ಕಣ್ಣು ಮಂಜಾಗಿದೆ ಅಂದುಕೊಂಡಿದ್ದೆನಲ್ಲ ಎಂದು ಅಲ್ಲಿಯೇ ತಲೆ ತಗ್ಗಿತು.

"ಈ ಕೆಲ್ಸಕ್ಕೂ ಮೆಷಿನ್ನು ಬತ್ತದಂತೆ" ಅಂದಳು.

"ಅಯ್ಯೋ, ಆಮೇಲೆ ನೀನೇನು ಮಾಡ್ತೀಯಕ್ಕ?"

"ಬರ್ಲಿ ಬಿಡು, ಒಳ್ಳೇದೇ ಆಯ್ತು. ಬೆನ್ನು ಬಿದ್ದೋಗೈತೆ. ಹೊಟ್ಟೆಗೆ ಮಾಡೋ ಕೆಲ್ಸ ಎಷ್ಟು ಬೇಗ ಮುಗುದ್ರೆ ಅಷ್ಟು ಚೆಂದ." ಎರಡು ಎಳೆ ಹೊಸೆದು ಬಿಟ್ಟಳು. "ಮನಸ್ಸಿಗೆ ಮಾಡೋದನ್ನ ಬೇಗ ಮುಗ್ಸಿ ಏನ್ ಮಾಡ್ತೀಯಪ್ಪ? ಅದು ಮುಗೀಬಾರ್ದು ಅಂತಾನೇ ಅಲ್ವಾ ಅಲ್ಲಿಗೆ ಬರೋದು?"

ಅವಳೇ ಮುಂದುವರಿಸಿದಳು.

"ನೀನು ಬರ್ದಿದ್ದು ರುದ್ರಣ್ಣ ಫೋನಲ್ಲಿ ಕನ್ನಡ ಮಾಡ್ಸ್ಕೊಂಡು ಓದಿ ಹೇಳ್ದ. ಯಜಮಾನ ಎಲ್ಲಾರ ಕಾಗ್ದಾನೂ ಆಟದ ಬೋರ್ಡಿಗೆ ಹಾಕಿದ್ನಂತೆ. ಪಾಪ, ರುದ್ರಣ್ಣ ನಗ್ನಗ್ತಾ ಓದ್ದ, ಅವನಿಗೇನು ಗೊತ್ತು. ವಯಸ್ಸಾಗೈತೆ ಅಂದ್ಯಲ್ಲ, ಅದಕ್ಕೇನಿಲ್ಲ, ಆಗೈತೆ. ಮರಕ್ಕೊಂದ್ಸಲ ನಿಂತ್ಕೊಂತಾಳೆ ಅಂದೆ ನೋಡು."

"ಅಕ್ಕ, ನಿನ್ನ ಕಷ್ಟ ನೋಡಲಾರ್ದೆ..."

"ನನ್ನ ಕಷ್ಟಕ್ಕೆ ನಿಂತ್ಕೊಂತಿರ್ಲಿಲ್ಲ. ನೀನು ಕಾಣ್ತಿರ್ಲಿಲ್ಲ ಕಣಪ್ಪ. ಆ ಊರಿಗೋದ್ಮೇಲೆ ನಿನ್ ನೆಟ್ಟು ಸರಿಯಿಲ್ಲ. ಎಲ್ಲಾ ಬಂದ್ಬುಡೋರು, ನೀನೊಬ್ನು ಹಿಂದೆ ಮಂಜಲ್ಲೆಲ್ಲೋ ಕಂಬ ನಿಂತಂಗೆ ನಿಂತ್ಬುಡ್ತಿದ್ದೆ. ತೋಳ ಹಿಡ್ಕೊಂಬುಡ್ತದೆ ಅಂತ ನಿಂತ್ಕೊಂತಿದ್ದೆ."

ನನ್ನ ಪರದೆಯಲ್ಲಿ ನಾನು ಅವಳ ಬೆನ್ನಿಗೇ ಇದ್ದೆ. ಅವಳ ಪರದೆಯಲ್ಲಿ ನಾನು ಎಲ್ಲೋ ಹಿಂದೆ ಉಳಿದಿದ್ದೆ. ನಿಧಾನವಾಗಿದ್ದವನು ನಾನು, ಮುದುಕಿಯಾದವಳು ಅವಳು; ಅದನ್ನು ಊರಿಗೆಲ್ಲ ಕಾಣುವಂತೆ ಬರೆದು ಹಾಕಿದವನೂ ನಾನೇ.

"ಯಾಕಕ್ಕ ಹೇಳ್ಲಿಲ್ಲ?"

"ಒಬ್ನೇ ಇದ್ದೆ ಅಲ್ಲಿ. ಹೇಳಿದ್ರೆ ನನ್ನಿಂದ ಎಲ್ಲಾರ್ಗೂ ಲೇಟು ಅಂತ ಬರೋದೇ ಬಿಟ್ಬುಡ್ತಿದ್ದೆ ನೀನು."

ತಪ್ಪಾಯ್ತಕ್ಕ ಅಂದೆ. "ಹೋಗ್ಲಿ ಬಿಡಪ್ಪ" ಅಂದಳು. ಮತ್ತೆ ಬಾ ಎಂದು ಕರೆದೆ. ಅವಳು ಮುಂದಿನ ಎಳೆಗೆ ಕೈ ಹಾಕಿದಳು.

ಕಲ್ಯಾಣದುರ್ಗಕ್ಕೆ ಮರಳಿದ ದಿನವೇ ಯಜಮಾನನಿಗೆ ಬರೆದೆ, ಬಾಗಿಲು ಮುಚ್ಚಿಸಿ ಎಂದು. ಉತ್ತರ ಬೇಗ ಬಂತು. "ಎರಡು ತಿಂಗಳ ಹಿಂದೆ ಬೇಕು ಎಂದಿರಿ, ಈಗ ಬೇಡ ಎನ್ನುತ್ತೀರಿ. ಬಾಗಿಲು ಬಂದ ಮೇಲೆ ಹೊಸಬರು ಬರುತ್ತಿದ್ದಾರೆ, ಮುಚ್ಚಲಾರೆ. ಆದರೆ ದಾರಿಯನ್ನು ನಾನು ತೆಗೆದಿಲ್ಲ. ಅದು ಇದ್ದಲ್ಲೇ ಇದೆ. ನಡೆಯಬೇಡಿ ಎಂದು ನಿಮಗೆ ಯಾರು ಹೇಳಿದರು?"

ಮಾರನೆಯ ದಿನ ಒಂದೂಕಾಲಕ್ಕೆ ನೀಲಿ ಕಮಾನಿಗೆ ಬೆನ್ನು ಹಾಕಿ, ಒಬ್ಬನೇ ಉಪ್ಪಿನ ಬಯಲಿಗೆ ಇಳಿದೆ. ಕಾಡಿನ ಮೂರನೆಯ ತಿರುವಿನಲ್ಲಿ ತೋಳಗಳು ಹರಿದು ಹಾಕಿದವು. ಮಾರನೆಯ ದಿನವೂ ಅಷ್ಟೆ. ಅದರ ಮಾರನೆಯ ದಿನ ಎರಡನೆಯ ತಿರುವಿನಲ್ಲೇ. ಆರು ವರ್ಷ ನಡೆದ ದಾರಿ ಅದು. ಎಡಕ್ಕೆಲ್ಲಿ, ಬಲಕ್ಕೆಲ್ಲಿ ಒಂದೂ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು ಅಕ್ಕನ ಬೆನ್ನು ಮಾತ್ರ.

ರುದ್ರಣ್ಣನಿಗೆ ಇದು ತಮಾಷೆಯಾಯಿತು. "ಬಾಗ್ಲು ತೆಗ್ದಿದ್ರೂ ಕಿಟ್ಕಿ ಹಾರೋನು ಕಣ್ಲಾ ನೀನು" ಎಂದು ಫೋನು ಮಾಡಿ ನಗುತ್ತಿದ್ದ. ನಾನು ಬಿಡಲಿಲ್ಲ. ಮೇ ತಿಂಗಳೆಲ್ಲ ನನಗೆ ಒಂದು ದೀರ್ಘ ಮಧ್ಯಾಹ್ನದ ಹಾಗೆ ನೆನಪಿದೆ. ಕಾದ ಚಪ್ಪಡಿಯ ಕೆಳಗೆ ಕೂತು ಮಂಜಿನಲ್ಲಿ ಕಳೆದುಹೋಗುವುದು, ಸಾಯುವುದು, ಬಾವಿಯ ಹತ್ತಿರ ಏಳುವುದು, ಮತ್ತೆ ಹೊರಡುವುದು. ಮಂಜಿಗೂ ಬಣ್ಣಗಳಿವೆ ಎಂದು ಆಗ ಕಂಡೆ. ಮೊದಲ ತಿರುವಿನದು ಹಾಲಿನಂತಿದ್ದರೆ ಮೂರನೆಯದು ಸ್ವಲ್ಪ ಹಸಿರು. ಕಾಡಿನೊಳಗೆ ಒಂದು ಕಡೆ ನೀರಿನ ಸದ್ದು ಕೇಳುತ್ತದೆ, ನೀರು ಕಾಣುವುದಿಲ್ಲ. ಇದನ್ನೆಲ್ಲ ನಾನು ಮಾತಿನ ಭರದಲ್ಲಿ ದಾಟಿ ಹೋಗಿದ್ದೆ. ಎಷ್ಟೋ ದಿನ ಲ್ಯಾಬಿಗೆ ತಡವಾಗಿ ಹೋಗಿ ಬೈಸಿಕೊಂಡೆ. ಮಣ್ಣಿನ ಚೀಲ ಹಿಡಿದು ನಿಂತವರ ಮಾತು ನನಗೆ ದೂರದಿಂದ ಕೇಳಿದಂತಾಗುತ್ತಿತ್ತು.

ಜೂನಿನಲ್ಲಿ ಮೊದಲ ಮಳೆ ಬಂತು. ಮಳೆಯೇನು, ನಾಲ್ಕು ಹನಿ. ಆದರೂ ಗುಡ್ಡದ ಕೆಂಪುಮಣ್ಣು ಬಾಯಿಬಿಟ್ಟು ಉಸಿರಾಡಿದ ಹಾಗಾಯಿತು. ಮೋಡ ಕವಿದು ಕೋಣೆ ಕತ್ತಲಾಗಿ, ಗಾಳಿಯಂತ್ರಗಳು ಆ ದಿನ ತಮ್ಮ ಕಂಬಗಳ ಮೇಲೇ ನಿಂತಿದ್ದವು. ನಾನು ಬಾವಿಯ ಹತ್ತಿರ ಎದ್ದು, ಬಯಲಿಗೆ ಇಳಿದು, ಅರ್ಧ ದಾರಿ ಹೋಗಿ ಯಾಕೋ ತಿರುಗಿ ನೋಡಿದೆ. ಹತ್ತು ಹೆಜ್ಜೆ ಹಿಂದೆ ಬಿಳಿ ನಿಲುವಂಗಿಯ ಮದ್ದಿನವಳು ನಿಂತಿದ್ದಳು.

ಫೋನು ಬಡಿದುಕೊಂಡಿತು.

"ಏನಪ್ಪ, ಮೇ ತಿಂಗ್ಳು ಪೂರ್ತಿ ತೋಳಕ್ಕೆ ಊಟ ಹಾಕ್ದೆಯಂತೆ? ರುದ್ರಣ್ಣ ಹೇಳ್ದ."

ನನಗೆ ನಗುವೂ ಬಂತು, ಅಳುವೂ ಬಂತು. "ಬಾಕ್ಕ, ಮುಂದೆ ಬಾ" ಅಂದೆ.

"ಇಲ್ಲ, ನೀನೇ ನಡಿ. ನಾನು ಹಿಂದೆ ಬತ್ತೀನಿ."

ಹೊರಟೆವು. ಪ್ರತಿ ತಿರುವಿನಲ್ಲೂ ನಾನು ನಿಂತು, "ಇದೀಯಾ ಅಕ್ಕ?" ಎಂದು ಕೇಳುತ್ತಿದ್ದೆ. "ಇದೀನಿ ನಡೀ" ಅನ್ನುತ್ತಿದ್ದಳು. ತೋಳಗಳು ಎರಡು ಸಲ ಬಂದವು. ನಾನು ಬಾಣ ಬಿಟ್ಟೆ, ಅವಳು ಗಾಯಕ್ಕೆ ಮದ್ದು ಹಾಕಿದಳು. ಅವಳ ಕಡೆಯಿಂದ ಮಗ್ಗಗಳ ಸದ್ದು, ನನ್ನ ಕಡೆಯಿಂದ ಆವತ್ತು ಮಳೆಯ ಸದ್ದು. ಅವಳ ಮನೆಯಲ್ಲಿ ಬಸ್ಸಾರು ಮಾಡಿದ್ದರಂತೆ. ನಾನು ಗೊಜ್ಜಿನ ಮಾತು ಹೇಳಿದೆ. ಮೂರನೆಯ ತಿರುವು ದಾಟಿತು, ಆರನೆಯದೂ ದಾಟಿತು. ಕಲ್ಲಿನ ಸೇತುವೆ ಸಿಕ್ಕಾಗ ನನಗೆ ನಾನೇ ಭೇಷ್ ಅಂದುಕೊಂಡೆ. ಸೇತುವೆ ಮುಗಿದಲ್ಲಿ ದಾರಿ ಎರಡಾಗುತ್ತಿತ್ತು. ಒಂದು ಕ್ಷಣ ಯೋಚಿಸಿ ಬಲಕ್ಕೆ ತಿರುಗಿದೆ. ಅಕ್ಕ ಹಿಂದೆಯೇ ಬಂದಳು.

ಏರು ಬರಬೇಕಾಗಿತ್ತು, ಬರಲಿಲ್ಲ. ದಾರಿ ಇಳಿಯುತ್ತಾ ಹೋಯಿತು. ಮಂಜು ತೆಳುವಾಗುತ್ತಾ ಹೋಗಿ, ಒಂದು ಬಂಡೆಯ ಸಂದಿನಿಂದ ಆಚೆ ಬಂದರೆ ಅಗಲವಾದ ಹುಲ್ಲಿನ ಕಣಿವೆ. ಹುಲ್ಲು ಸೊಂಟದ ತನಕ, ಗಾಳಿಗೆ ಒಂದೇ ಕಡೆಗೆ ಮಲಗಿ ಏಳುತ್ತಿತ್ತು. ತೋಳವಿಲ್ಲ, ರಾಕ್ಷಸರಿಲ್ಲ, ಕೊಲ್ಲಲು ಏನೂ ಇಲ್ಲ. ನಡುವೆ ಒಂದು ತಿಳಿಗೊಳ, ದಡದಲ್ಲಿ ಯಾರೋ ಮಗುಚಿಟ್ಟ ಒಂದು ದೋಣಿ. ಆಟ ಮಾಡಿದವರು ಶುರು ಮಾಡಿ, ಮರೆತು, ಹಾಗೇ ಬಿಟ್ಟುಹೋದ ಮೂಲೆ ಇರಬೇಕು. ನಾವಿಬ್ಬರೂ ಹುಲ್ಲಿನಲ್ಲಿ ನಿಂತೆವು.

"ಇದ್ಯಾವ ಜಾಗ ಅಕ್ಕ?"

ಹುಡುಗಿಯ ಹಾಗೆ ಮೆಲ್ಲಗಿನ ದನಿಯಲ್ಲಿ, "ಗೊತ್ತಿಲ್ಲ ಕಣಪ್ಪ. ನಾನು ನೋಡೇ ಇಲ್ಲ" ಅಂದಳು.

"ದಾರಿ ತಪ್ಪಿದ್ದು ನಿಂಗೆ ಗೊತ್ತಾಗ್ಲಿಲ್ವಾ?"

"ಸೇತುವೆ ಹತ್ರಾನೇ ಗೊತ್ತಾಯ್ತು."

"ಮತ್ತೆ ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ಇಲ್ಲಿಗೆಲ್ಲಿ ಬತ್ತಿದ್ವಿ?" ಅಂದಳು. "ಇಷ್ಟು ವರ್ಷ ಎಲ್ಲಾರ್ನೂ ನಾನೇ ಕರ್ಕೊಂಡೋದೆ ಕಣಪ್ಪ. ನನ್ನ ಯಾರೂ ಎಲ್ಲಿಗೂ ಕರ್ಕೊಂಡೋಗಿರ್ಲಿಲ್ಲ."

ಊಟದ ಬಿಡುವು ಮುಗಿದು ಬಹಳ ಹೊತ್ತಾಗಿತ್ತು. ನಾವು ಹುಲ್ಲನ್ನು ಸರಿಸಿಕೊಂಡು ಇನ್ನೂ ಮುಂದಕ್ಕೆ ನಡೆದೆವು.